ಬೇವಿನ ಮರ ಏರಿದ ಎಪ್ಪತ್ತೊಂದು ದಾರ

ಸಗರದ ಮೊದಲ ಬಸ್ಸು ಇಳಿದು ಮಲ್ಲಾಬಾಯಿ ಆಸ್ಪತ್ರೆಯ ಗೇಟು ದೂಡಿಕೊಂಡು ಒಳಗೆ ಬರುವಾಗ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೀಲಿಕೈ ಗೊಂಚಲನ್ನು ಬೆರಳಿಗೆ ಹಾಕಿಕೊಂಡು ಆಕೆ ಮೊದಲು ಹೋಗುವುದು ಹೆಸರು ಬರೆಸುವ ಕಿಟಕಿಯ ಕಡೆಗಲ್ಲ, ಹಿತ್ತಲಿನ ಬೇವಿನ ಮರದ ಕಡೆಗೆ. ಅದರ ಕೆಳಗಿನ ಟೊಂಗೆಗಳ ತುಂಬ ದಾರಗಳು. ಕೆಂಪು, ಹಳದಿ, ಹಸಿರು. ನಡುವೆ ಗಾಜಿನ ಬಳೆಗಳು, ಯಾರೋ ಕಟ್ಟಿಹೋದ ಬೆರಳುದ್ದದ ಕಟ್ಟಿಗೆ ತೊಟ್ಟಿಲು. ಬಂದವರೆಲ್ಲ ಕೈಮುಗಿದು ಹೋಗುವ ಈ ಮರದ ಮುಂದೆ ಮಲ್ಲಾಬಾಯಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ.

"ಮಂದಿಗಿ ಈ ಗಿಡ ನೋಡಿದ್ರ ಭಕ್ತಿ ಬರ್ತದ್ರಿ. ನನಗ ಮೊದಲ ಸಿಟ್ಟು ಬರ್ತಿತ್ತು. ಈಗ ನಗು ಬರ್ತದ," ಎನ್ನುತ್ತಾಳೆ. ಆ ಸಿಟ್ಟು ನಗುವಾಗಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿದಿದೆ.

ಶಹಾಪುರ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆ ಇದು. ಹೆಸರು ಬೇಡವೆಂದು ಮಲ್ಲಾಬಾಯಿಯೇ ತಾಕೀತು ಮಾಡಿದ್ದಾಳೆ. "ನಂದು ಹಾಕ್ರಿ, ದವಾಖಾನಿದು ಹಾಕಬ್ಯಾಡ್ರಿ. ಪೇಪರ್‍ನ್ಯಾಗ ಬಂತಂದ್ರ ಮ್ಯಾಲಿನವ್ರು ಬಂದು ಕುಂದರ್ತಾರ, ಅವ್ರಿಗಿ ಚಾ ಮಾಡೋದು ನಾನ." ವಯಸ್ಸು ನಲವತ್ತೆಂಟು, ಓದು ನಾಲ್ಕನೇ ಇಯತ್ತೆ. ಗುತ್ತಿಗೆ ನೌಕರಿಯ ಹಾಳೆಯಲ್ಲಿ ಆಕೆ 'ಸಹಾಯಕಿ'. ಕಸ ಗುಡಿಸುವುದರಿಂದ ಹಿಡಿದು ಹಳೆಯ ಕೇಸ್ ಪೇಪರ್ ಹುಡುಕಿಕೊಡುವವರೆಗೆ ಎಲ್ಲವೂ ಆ ಒಂದು ಪದದೊಳಗೆ ಬರುತ್ತದೆ. ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡುವ ಗಂಡ ವೆಂಕಟಪ್ಪ ಬೆಳಗಿನ ರೊಟ್ಟಿಗೆ ಹಿಟ್ಟು ನಾದಿಕೊಟ್ಟು ಹೆಂಡತಿಯನ್ನು ಬಸ್ಸಿಗೆ ಕಳಿಸುತ್ತಾನೆ. ಇದನ್ನು ಬರೆಯಬಾರದು ಎಂದು ಅವನೂ ಹೇಳಿದ್ದಾನೆ. ಎಲ್ಲರ ಮಾತನ್ನೂ ಕೇಳುತ್ತ ಹೋದರೆ ಬರೆಯುವುದಕ್ಕೆ ಏನು ಉಳಿಯುತ್ತದೆ?

ಎಂಟು ಗಂಟೆಗೆ ಕಿಟಕಿ ತೆರೆಯುತ್ತದೆ. ಒಳಗೆ ಕಂಪ್ಯೂಟರಿನ ಮುಂದೆ ಶಹಾಪುರದ ಹುಡುಗಿ ಮಸರತ, ಹೊರಗೆ ಸಾಲಿನ ತಲೆಯಲ್ಲಿ ಮಲ್ಲಾಬಾಯಿ. ಸಾಮಾನ್ಯ ದಿನಗಳಲ್ಲಿ ಇನ್ನೂರು, ಸಂತೆಯ ದಿನ ಮುನ್ನೂರು ಜನ. ಗುರುವಾರ ಬಸುರಿಯರ ತಪಾಸಣೆ, ಕೂಸುಗಳ ಲಸಿಕೆ, ಅಂದು ಐವತ್ತು ಅರವತ್ತು ಹೆಣ್ಣುಮಕ್ಕಳು ಹೆಚ್ಚು. ಮಸರತ ಹೆಸರು, ಊರು, ವಯಸ್ಸು, ಫೋನ್ ನಂಬರು ಕೇಳುತ್ತಾಳೆ. ಅಷ್ಟರೊಳಗೆ ಮಲ್ಲಾಬಾಯಿ ತನ್ನ ಪ್ರಶ್ನೆಗಳನ್ನು ಕೇಳಿ ಮುಗಿಸಿರುತ್ತಾಳೆ.

"ಈ ದವಾಖಾನಿಗಿ ಮೊದಲ ಬಂದಿದ್ದೇನವ್ವ? ತವರುಮನಿ ಯಾವ ಊರು? ಅಲ್ಲಿ ನಿನಗ ಏನಂತ ಕರೀತಿದ್ರು?"

ಮೂರನೆಯ ಪ್ರಶ್ನೆಗೆ ಹೊಸಬರು ಕಣ್ಣರಳಿಸುತ್ತಾರೆ. ಸೂಜಿಗೂ ತವರಿನ ಹೆಸರಿಗೂ ಏನು ಸಂಬಂಧ? ಸಂಬಂಧ ಇದೆ. ಅದನ್ನು ತಿಳಿಯಬೇಕಾದರೆ ದಾರದ ಕತೆಯನ್ನು ಮೊದಲಿನಿಂದ ಕೇಳಬೇಕು.

ಮಲ್ಲಾಬಾಯಿ ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ. ಬಂದ ಹೊಸದರಲ್ಲಿ ದಾಖಲೆ ಕೋಣೆ ಎಂದರೆ ಬಟ್ಟೆಯಲ್ಲಿ ಸುತ್ತಿದ ಗಂಟುಗಳ ಗುಡ್ಡೆ. ಆಕೆಯೇ ಅವನ್ನು ಊರಿನ ಪ್ರಕಾರ ಬೇರೆ ಮಾಡಿದಳು. ಸಗರದ ಗಂಟಿಗೆ ಹಸಿರು ಬಟ್ಟೆ, ವಡಗೇರಾ ಕಡೆಯವರಿಗೆ ಹಳದಿ, ಸುರಪುರ ಕಡೆಯಿಂದ ಬರುವವರಿಗೆ ತನ್ನದೇ ಹರಿದ ಇಳಕಲ್ ಸೀರೆಯ ತುಂಡು. ಒಂದು ದಿನ ಆಗಿನ ಡಾಕ್ಟರು ಒಂದು ಪೇಪರು ಕೈಗಿಟ್ಟು, ಈ ಹೆಣ್ಣುಮಗಳಿಗೆ ಇಂತಹ ಇಂಜೆಕ್ಷನ್ ಆಗಿಬರುವುದಿಲ್ಲ, ಮತ್ತೆ ಬಂದರೆ ಮೊದಲು ನನಗೆ ಹೇಳು ಎಂದರು. ಇಂಗ್ಲಿಷಿನಲ್ಲಿ ಗೀಚಿದ್ದು ಆಕೆಗೆ ಓದಲು ಬಾರದು. ನೆನಪಿಡುವುದು ಹೇಗೆ? ಮನೆಯಲ್ಲಿ ಹಳೆಯ ಬಟ್ಟೆ ಕೂಡಿಸಿ ಕೌದಿ ಹೊಲಿಯಲು ತಂದಿಟ್ಟ ದಪ್ಪ ಕೆಂಪು ದಾರವನ್ನು ಗೋಣಿಚೀಲ ಹೊಲಿಯುವ ದಬ್ಬಣಕ್ಕೆ ಪೋಣಿಸಿ, ಪೇಪರಿನ ಎಡಮೂಲೆಗೆ ಚುಚ್ಚಿ ಗಂಟು ಹಾಕಿದಳು.

ಅಲ್ಲಿಂದ ಅದೇ ರೂಢಿಯಾಯಿತು. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋದವರು, ಬಾಣಂತನದಲ್ಲಿ ಸೆಟೆದುಕೊಂಡವರು, ಔಷಧ ಒಗ್ಗದವರು, ಯಾರದೇ ಇರಲಿ, ನರ್ಸಮ್ಮಗಳು "ಮಲ್ಲವ್ವ, ಇದಕ್ಕ ದಾರ ಹಾಕು" ಎನ್ನುತ್ತಿದ್ದರು. ಅದೇ ಮನುಷ್ಯರು ಎರಡು ವರ್ಷ ಬಿಟ್ಟು ಬಂದರೂ, ಗಂಟಿನಿಂದ ಪೇಪರು ಎಳೆದಾಗ ಕೆಂಪು ಬಾಲವೊಂದು ಜೋತಾಡುತ್ತಿತ್ತು. ಅದನ್ನು ಕಂಡರೆ ಡಾಕ್ಟರು ಕುರ್ಚಿಯಿಂದ ಮುಂದಕ್ಕೆ ಬಾಗುತ್ತಿದ್ದರು. ಡಾಕ್ಟರುಗಳು ಬದಲಾದರು, ನರ್ಸುಗಳು ವರ್ಗವಾದರು, ದಾರ ಮಾತ್ರ ನಡೆದುಕೊಂಡು ಬಂತು. ಯಾವ ಸುತ್ತೋಲೆಯಲ್ಲೂ ಅದರ ಹೆಸರಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಬರೆದಿಡುವ ಗೋಜಿಗೆ ಯಾರು ಹೋಗುತ್ತಾರೆ?

ಆಮೇಲೆ ಕಂಪ್ಯೂಟರು ಬಂತು. ಇನ್ನು ಮುಂದೆ ಪ್ರತಿ ರೋಗಿಗೂ ಒಂದು ನಂಬರು, ಆ ನಂಬರು ಒತ್ತಿದರೆ ಯಾದಗಿರಿಯಲ್ಲೂ ಸುರಪುರದಲ್ಲೂ ಅವರ ಪೂರ್ವಾಪರ ತೆರೆದುಕೊಳ್ಳಬೇಕು ಎಂಬ ಆದೇಶ. ಹಳೆಯ ಹನ್ನೊಂದು ಸಾವಿರ ಪೇಪರುಗಳನ್ನು ಕಂಪ್ಯೂಟರಿಗೆ ಏರಿಸಲು ಏಜೆನ್ಸಿಯಿಂದ ನಾಲ್ಕು ಜನ ಬಂದರು. ಒಳ್ಳೆಯ ಜನ. ಚಪ್ಪಲಿ ಹೊರಗೆ ಬಿಟ್ಟು ಕೋಣೆಗೆ ಹೋಗುತ್ತಿದ್ದರು. ಪ್ರತಿ ಪೇಪರಿನ ಹೆಸರು, ಊರು, ವಯಸ್ಸು, ತಾರೀಕು ಟೈಪು ಮಾಡಿ, ಹಾಳೆಯ ಫೋಟೊ ಹಿಡಿದು ಸೇರಿಸುವುದು ಅವರ ಕೆಲಸ. ಒಳಗೆ ಡಾಕ್ಟರು ಬರೆದದ್ದನ್ನು ಓದುವುದು ಅವರ ಕೆಲಸವಲ್ಲ.

ಅವರು ಹಾಳೆಗಳನ್ನು ಬಿಚ್ಚಿ ಹದಮಾಡಿಕೊಂಡ ಮೊದಲ ನಾಲ್ಕು ದಿನ ಮಲ್ಲಾಬಾಯಿ ರಜೆಯಲ್ಲಿದ್ದಳು. ಸುರಪುರದಲ್ಲಿ ತಂಗಿಯ ಮಗಳು ಚಂದ್ರಕಲಾಳ ಮದುವೆ. ಅರಿಸಿನದ ಕೈಯಲ್ಲೇ ವಾಪಸು ಬಂದ ಮುಂಜಾನೆ ಹಿತ್ತಲಿಗೆ ಹೋದರೆ, ಬೇವಿನ ಮರದ ತುಂಬ ಕೆಂಪು ದಾರ.

ನಡೆದದ್ದು ಇಷ್ಟು. ಹಾಳೆ ಮಷಿನ್ನಿನ ಮೇಲೆ ಸಪಾಟಾಗಿ ಕೂರಬೇಕಾದರೆ ದಾರ ತೆಗೆಯಬೇಕು. ಪೇಪರಿಗೆ ಕೆಂಪು ದಾರ ಕಂಡ ಆ ಪುಣ್ಯಾತ್ಮರು, ಇದು ರೋಗಿ ಗುಣವಾಗಲೆಂದು ಮನೆಯವರು ಹೊತ್ತ ಹರಕೆಯ ದಾರ ಎಂದುಕೊಂಡರು. ಹರಕೆಯ ದಾರವನ್ನು ಕಸದ ಬುಟ್ಟಿಗೆ ಹಾಕುವುದುಂಟೆ? ಒಂದೊಂದನ್ನೂ ಬಿಚ್ಚಿ, ಕೈಮುಗಿದು, ಮರಕ್ಕೆ ಕಟ್ಟಿದರು. ಅವರ ಪೈಕಿ ಫಿರೋಜ್ ಎಂಬವನು ನಂತರ ಮಲ್ಲಾಬಾಯಿಯ ಎದುರು ತಲೆ ಕೆರೆದುಕೊಂಡು ಹೇಳಿದ್ದು ಹೀಗೆ: "ಆಯಿ, ದರ್ಗಾದಾಗೂ ಹಿಂಗ ಕಟ್ತಾರ, ಗುಡ್ಯಾಗೂ ಹಿಂಗ ಕಟ್ತಾರ. ಯಾರ ಮನ್ನತ್ ಇರ್ತದೋ ಏನೋ, ನಾವ್ಯಾಕ ಮುರೀಬೇಕಂತ ಜ್ವಾಕಿಯಿಂದ ಕಟ್ಟೀವಿ."

ಅಸಡ್ಡೆ ಮಾಡಿದವರನ್ನು ಬೈಯಬಹುದು, ಇಷ್ಟು ಭಕ್ತಿಯಿಂದ ಕೆಡಿಸಿದವರನ್ನು ಏನೆಂದು ಬೈಯುವುದು? ಆಕೆ ಮರದ ಸುತ್ತ ತಿರುಗಿ ದಾರಗಳನ್ನು ಎಣಿಸಿದಳು. ಎಪ್ಪತ್ತೊಂದು. ಬಿಚ್ಚಿಕೊಳ್ಳೋಣವೆಂದು ಕೈ ಚಾಚುವಷ್ಟರಲ್ಲಿ ಅಜ್ಜಿಯೊಬ್ಬಳು ಬಂದು ಮರಕ್ಕೆ ಹಣೆ ಹಚ್ಚಿ ನಿಂತಿದ್ದಳು. ಮಧ್ಯಾಹ್ನಕ್ಕೆ ಯಾರೋ ಮೊದಲ ಹಳದಿ ದಾರ ಕಟ್ಟಿದರು. ವಾರದೊಳಗೆ ತೊಟ್ಟಿಲೂ ಬಂತು.

"ದಾರ ಹೋದ್ರ ಹೋಗ್ಲಿ, ನಾಕಾಣೆದ್ದು," ಎನ್ನುತ್ತಾಳೆ ಮಲ್ಲಾಬಾಯಿ. "ಅದು ಯಾರದು ಅನ್ನೋದು ಹೋತಲ್ರಿ. ಎಪ್ಪತ್ತೊಂದು ಮಂದಿ. ನಾಳಿ ಬಂದು ಈ ಕಿಟಕಿ ಮುಂದ ನಿಂತ್ರ ಎಲ್ಲಾರಂಗ ಕಾಣ್ತಾರ. ಸೂಜಿ ಮಾಡ್ಯಾರು, ಹೆರಿಗಿ ಮಾಡ್ಯಾರು, ಏನರ ಆದ್ರ? ನನಗ ಊಟ ಸೇರಲಿಲ್ಲ."

ಆಕೆ ನೇರವಾಗಿ ಡಾಕ್ಟರ ಕೋಣೆಗೆ ಹೋದಳು. ಡಾ. ವಿಶ್ವರಾಧ್ಯ ಬಂದು ಆಗಿನ್ನೂ ಕೆಲವೇ ತಿಂಗಳು. ದಾರದ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಕೇಳಿ ಮುಗಿಸಿ ಕಂಪ್ಯೂಟರಿನ ಕಡೆ ತಿರುಗಿದರಂತೆ. ಕಂಪ್ಯೂಟರಿನಲ್ಲಿ ಅಪಾಯದ ರೋಗಿಗಳ ಹೆಸರಿನ ಮೇಲೆ ಕೆಂಪು ಗೆರೆ ಹಾಕಲು ಜಾಗವಿದೆ, ಆದರೆ ಯಾರಿಗೆ ಹಾಕಬೇಕೆಂದು ತಿಳಿಯಲು ಹನ್ನೊಂದು ಸಾವಿರ ಹಾಳೆ ಓದಬೇಕು, ಅಷ್ಟು ಓದುವ ಪುರುಸೊತ್ತು ಯಾರಿಗಿದೆ ಎಂದರು.

"ಓದೋದು ಬ್ಯಾಡ್ರಿ ಸಾಹೇಬ್ರ," ಎಂದಳು ಮಲ್ಲಾಬಾಯಿ. "ದಾರ ಬಿಚ್ಯಾರ, ತೂತು ಎಲ್ಲಿ ಹೋಗ್ತದ?"

ಅಂದಿನಿಂದ ದಿನಾ ಮಧ್ಯಾಹ್ನ ಎರಡು ಗಂಟೆಗೆ ಸಾಲು ಕರಗಿದ ಮೇಲೆ ಮಲ್ಲಾಬಾಯಿ ದಾಖಲೆ ಕೋಣೆ ಸೇರುತ್ತಿದ್ದಳು. ಗಂಟು ಬಿಚ್ಚುವುದು, ಒಂದೊಂದು ಪೇಪರಿನ ಎಡಮೂಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಸವರುವುದು. ದಬ್ಬಣದ ತೂತು ಪಿನ್ನಿನ ತೂತಿಗಿಂತ ದೊಡ್ಡದು, ಅಂಚು ಒರಟು. ಕಣ್ಣಿಗೆ ಮೋಸವಾಗಬಹುದು, ಕೌದಿ ಹೊಲಿದ ಬೆರಳಿಗೆ ಆಗುವುದಿಲ್ಲ. ತೂತು ಸಿಕ್ಕಿದರೆ "ಮಸರತವ್ವಾ!" ಎಂದು ಕೂಗು. ಮಸರತ ಓಡಿಬಂದು, ಡಾಕ್ಟರಿಗೆ ತೋರಿಸಿ, ಒಳಗೆ ಬರೆದದ್ದನ್ನು ಓದಿಸಿ, ಕಂಪ್ಯೂಟರಿನಲ್ಲಿ ಆ ಹೆಸರಿನ ಮೇಲೆ ಕೆಂಪು ಗೆರೆ ಎಳೆಯುತ್ತಿದ್ದಳು. ಮಸರತಳ ಮಾತಿನಲ್ಲೇ ಹೇಳುವುದಾದರೆ: "ಮೊದಲ ನನಗ ಬ್ಯಾಸರ ಬಂದಿತ್ರಿ. ಹತ್ತು ಸಿಕ್ಕ ಮ್ಯಾಲ ನನಗೂ ಹುಚ್ಚು ಹಿಡೀತು. ಅಕ್ಕನ ಕೂಗು ಕೇಳಿದ್ರ ಉಣ್ಣೋ ತಾಟು ಬಿಟ್ಟು ಓಡತಿದ್ದೆ."

ಇಲ್ಲೊಂದು ತೊಡಕು ಎದುರಾಯಿತು. ಎಷ್ಟೋ ಹೆಣ್ಣುಮಕ್ಕಳ ಹಳೆಯ ಪೇಪರಿನ ಹೆಸರು ಈಗ ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗುತ್ತಿರಲಿಲ್ಲ. ಮದುವೆಯ ದಿನವೇ ಸೊಸೆಗೆ ಹೊಸ ಹೆಸರಿಡುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಮೊದಲ ಹೆರಿಗೆ ತವರಿನಲ್ಲಿ; ಅಲ್ಲಿ ತಾಯಿ ತಾನಿಟ್ಟ ಹೆಸರನ್ನೇ ಬರೆಸುತ್ತಾಳೆ. ಎರಡನೆಯದಕ್ಕೆ ಗಂಡನ ಮನೆಯಿಂದ ಬರುವಾಗ ಅತ್ತೆ ಇಟ್ಟ ಹೆಸರು. ಕಂಪ್ಯೂಟರಿನ ಲೆಕ್ಕದಲ್ಲಿ ಅವರು ಇಬ್ಬರು. ಒಬ್ಬಳಿಗೆ ಕೆಂಪು ಗೆರೆ ಇದೆ, ಆದರೆ ಅವಳು ಎಂದೂ ಬರುವುದಿಲ್ಲ. ಬರುವವಳ ಹೆಸರಿನ ಮೇಲೆ ಗೆರೆಯೇ ಇಲ್ಲ. ಕಿಟಕಿಯ ಮುಂದೆ ತವರಿನ ಹೆಸರು ಕೇಳುವ ಪದ್ಧತಿ ಹುಟ್ಟಿದ್ದು ಹೀಗೆ. ಮಸರತ ಅದನ್ನೂ ಟೈಪು ಮಾಡಿ ಎರಡು ದಾಖಲೆಗಳನ್ನು ಒಂದು ಮಾಡುತ್ತಾಳೆ.

ನಾಲ್ಕೂವರೆ ತಿಂಗಳಲ್ಲಿ ಹನ್ನೊಂದು ಸಾವಿರ ಮೂಲೆಗಳು ಮುಗಿದವು. ತೂತು ಸಿಕ್ಕಿದ್ದು ಎಪ್ಪತ್ತು.

ಎಪ್ಪತ್ತು ಸಿಕ್ಕಿತಲ್ಲ ಎಂದು ಎಲ್ಲರೂ ಬೆನ್ನು ತಟ್ಟಿದರು. ಎಣಿಸುವಾಗ ತಪ್ಪಿರಬಹುದು ಎಂದು ಡಾಕ್ಟರೂ ಸಮಾಧಾನ ಹೇಳಿದರು. ಮಲ್ಲಾಬಾಯಿ ಒಪ್ಪಲಿಲ್ಲ. "ನಾ ಎರಡ ಸಲ ಎಣಿಸೀನ್ರಿ. ಎಪ್ಪತ್ತೊಂದ. ಒಬ್ಬಾಕಿ ಎಲ್ಲೋ ಇದ್ದಾಳ, ಅಕಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ." ಮತ್ತೆ ಗಂಟುಗಳನ್ನು ಬಿಚ್ಚಿದಳು. ದಿನಾ ಬೆಳಿಗ್ಗೆ ಮರದ ಮುಂದೆ ನಿಂತು, ಯಾವುದಮ್ಮ ನೀನು ಎನ್ನುವಂತೆ ದಾರಗಳನ್ನು ನೋಡುವುದೇ ಅವಳ ಪೂಜೆಯಾಯಿತು. ವೆಂಕಟಪ್ಪ ಮನೆಯಲ್ಲಿ, ನಿನ್ನ ತಲ್ಯಾಗ ಎಪ್ಪತ್ತೊಂದು ಬಿಟ್ರ ಬ್ಯಾರೆ ಏನೂ ಇಲ್ಲೇನು ಎಂದು ಗೊಣಗಿದ್ದಾನಂತೆ. ಗೊಣಗುತ್ತಲೇ ಹಿಟ್ಟು ನಾದಿದ್ದಾನೆ.

ಕಳೆದ ಕಾರ್ತಿಕದ ಒಂದು ಗುರುವಾರ. ವಡಗೇರಾ ಕಡೆಯಿಂದ ತುಂಬು ಬಸುರಿಯೊಬ್ಬಳು ಅತ್ತೆಯ ಜೊತೆ ಬಂದು ಸಾಲಿನಲ್ಲಿ ನಿಂತಳು. ಹೆಸರು ಸೌಭಾಗ್ಯ, ಎರಡನೆಯ ಹೆರಿಗೆ, ದಿನ ತುಂಬಲು ಇನ್ನೊಂದು ವಾರ. ಕೇಳಿದ್ದಕ್ಕೆಲ್ಲ ಅತ್ತೆಯೇ ಉತ್ತರ ಕೊಡುತ್ತಿದ್ದಳು. "ಮೊದಲಿಂದು ತವರುಮನ್ಯಾಗ ಆಗ್ಯಾದ್ರಿ. ಸಸಾರ ಆಗ್ಯಾದ, ಏನೂ ತ್ರಾಸ ಆಗಿಲ್ಲ." ಸೌಭಾಗ್ಯ ನೆಲ ನೋಡುತ್ತಿದ್ದಳು. ಕಂಪ್ಯೂಟರಿನಲ್ಲಿ ಅವಳ ಪುಟ ಬಿಳಿಯಾಗಿತ್ತು.

ಹತ್ತೊಂಬತ್ತು ವರ್ಷ ಹೆಣ್ಣುಮಕ್ಕಳ ಸಾಲು ಕಾಯ್ದ ಮಲ್ಲಾಬಾಯಿಗೆ ನೆಲ ನೋಡುವ ಕಣ್ಣು ಅರ್ಥವಾಗುತ್ತದೆ. ತೂಕ ನೋಡಬೇಕು ಬಾ ಎಂದು ಅವಳೊಬ್ಬಳನ್ನೇ ಒಳಗೆ ಕರೆದುಕೊಂಡು ಹೋದಳು.

"ತವರುಮನಿ ಯಾವುದವ್ವ?"

"ಸಗರ್ರಿ."

"ನಮ್ಮೂರಾಕಿ! ಅಲ್ಲಿ ಏನಂತಿದ್ರು ನಿನಗ?"

"ಶಿವಬಸಮ್ಮ."

"ಮೊದಲಿಂದು ಇದ ದವಾಖಾನ್ಯಾಗ ಆತೇನು? ಖರೇ ಹೇಳು, ಇಲ್ಲಿ ನಿಮ್ಮತ್ತಿ ಇಲ್ಲ."

ಹುಡುಗಿಯ ಕಣ್ಣಲ್ಲಿ ನೀರು ಬಂತು. "ರಕ್ತ ಭಾಳ ಹೋತ್ರಿ. ನನಗ ಎಚ್ಚರ ಇರ್ಲಿಲ್ಲ. ಬಾಟ್ಲಿ ಹಾಕಿದ್ರಂತ. ಅತ್ತಿಮನ್ಯಾಗ ಹೇಳಬ್ಯಾಡ, ಹುಡುಗಿಗಿ ಕಸುವಿಲ್ಲ ಅಂತಾರ ಅಂತ ನಮ್ಮವ್ವ ಆಣಿ ಹಾಕ್ಯಾಳ."

ಮಲ್ಲಾಬಾಯಿ ತೂಕದ ಯಂತ್ರವನ್ನು ಅಲ್ಲೇ ಬಿಟ್ಟು ದಾಖಲೆ ಕೋಣೆಗೆ ಓಡಿದಳು. ಹಸಿರು ಬಟ್ಟೆಯ ಗಂಟು, ಸಗರ. ಶಿವಬಸಮ್ಮನ ಪೇಪರು ಸಿಕ್ಕಿತು. ಎಡಮೂಲೆಯಲ್ಲಿ ತೂತು ಇರಲಿಲ್ಲ. ತೂತು ಇರಬೇಕಾದ ಮೂಲೆಯೇ ಇರಲಿಲ್ಲ. ದಾರದ ಗಂಟು ಬಿಗಿಯಾಗಿ ಬಿಚ್ಚಲು ಬಾರದೆ ಯಾರೋ ಮೂಲೆಯನ್ನೇ ಕಿತ್ತಿದ್ದರು. ಇಲಿ ಕಡಿದ ಮೂಲೆಗಳು ಆ ಗಂಟಿನಲ್ಲಿ ನೂರಾರು. ತಾನೇ ಎರಡು ಸಲ ಈ ಹಾಳೆಯನ್ನು ಸವರಿ, ಇಲಿಗೆ ಶಾಪ ಹಾಕಿ ಬದಿಗಿಟ್ಟಿದ್ದಳು.

ಡಾ. ವಿಶ್ವರಾಧ್ಯ ಪೇಪರು ಓದಿದರು. ಮೊದಲ ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದೆ ನಾಲ್ಕು ಬಾಟಲಿ ರಕ್ತ ಕೊಟ್ಟಿದ್ದರು. ಈ ಸಲವೂ ಹಾಗಾಗುವ ಸಂಭವ ಹೆಚ್ಚು, ರಕ್ತ ಸಿದ್ಧವಿರುವ ಕಡೆ ಹೆರಿಗೆಯಾಗಬೇಕು ಎಂದು ಅತ್ತೆಯನ್ನು ಕೂರಿಸಿ ತಿಳಿಸಿ ಹೇಳಿದರು. ಇದು ಕಸುವಿನ ಮಾತಲ್ಲ, ಯಾರ ತಪ್ಪೂ ಅಲ್ಲ ಎಂದರು. ಎಲ್ಲರೂ ಅತ್ತೆ ಈಗ ಸಿಡಿಯುತ್ತಾಳೆ ಎಂದು ಕಾದರು. ಆಕೆ ಸಿಡಿದದ್ದು ನಿಜ. "ಇದನ್ನ ಮುಚ್ಚಿಡೋದೇನಿತ್ತು? ನಾ ಏನ್ ಹುಲಿ ಇದ್ದೀನೇನು? ಗೊತ್ತಿದ್ರ ನೀರಿನ ಕೊಡ ಹೊರಸ್ತಿದ್ನೇನು ಅಕಿಗಿ?" ಎಂದು ಸೊಸೆಯ ಬೆನ್ನಿಗೆ ಮೆಲ್ಲಗೊಂದು ಗುದ್ದು ಕೊಟ್ಟು, ತನ್ನ ಸೆರಗಿನಿಂದ ಅವಳ ಕಣ್ಣೊರೆಸಿದಳು.

ಮಸರತ ಎರಡು ಹೆಸರುಗಳನ್ನು ಒಂದು ಮಾಡಿದಳು. ಬಿಳಿ ಪುಟದ ಮೇಲೆ ಕೆಂಪು ಗೆರೆ ಬಿತ್ತು. ಅತ್ತೆ ಸೊಸೆ ಅಂದೇ ಯಾದಗಿರಿಯ ದೊಡ್ಡ ಆಸ್ಪತ್ರೆಗೆ ಹೊರಟರು. ಮಲ್ಲಾಬಾಯಿ ಹಳೆಯ ರೂಢಿಯಂತೆ ಪೇಪರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅವರ ಕೈಗೆ ಕೊಡಲು ಹೋದರೆ ಮಸರತ ತಡೆದಳು. "ಅಕ್ಕಾ, ಬ್ಯಾಡ. ಅವ್ರು ಬಸ್ ಹತ್ತೋದ್ರಾಗ ಇದು ಅಲ್ಲಿ ಮುಟ್ಟಿರ್ತದ." ಮಲ್ಲಾಬಾಯಿಗೆ ನಂಬಿಕೆ ಬರಲಿಲ್ಲ. ಯಾದಗಿರಿಗೆ ಫೋನು ಹಚ್ಚಿಸಿದಳು. ಆ ಕಡೆಯವರು, ಹೌದು, ಕೆಂಪು ಗೆರೆ ಕಾಣುತ್ತಿದೆ, ನಾಲ್ಕು ಬಾಟಲಿ ಎಂದು ಬರೆದಿದೆ ಎಂದು ಓದಿ ಹೇಳಿದರು. ಕಾಗದವಾಗಿದ್ದರೆ ಯಾರಾದರೂ ಹೊತ್ತೊಯ್ಯಬೇಕಿತ್ತು. ಮಳೆಗೆ ನೆನೆಯುತ್ತಿತ್ತು, ಬಸ್ಸಿನಲ್ಲಿ ಮರೆತು ಇಳಿಯುತ್ತಿದ್ದರು. "ಅವತ್ತ ಆ ಕಂಪ್ಯೂಟರ್ ಪೆಟ್ಟಿಗಿ ಮ್ಯಾಗಿನ ಸಿಟ್ಟು ಇಳೀತ್ರಿ ನಂದು," ಎನ್ನುತ್ತಾಳೆ. "ಅದಕ್ಕ ಓಡಾಕ ಬರ್ತದ. ಕೇಳಾಕ ಬರಂಗಿಲ್ಲ. ಕೇಳೋದು ನಾವು ಮಾಡಬೇಕು."

ನಾಲ್ಕು ದಿನ ಸುದ್ದಿಯಿಲ್ಲ. ಆ ನಾಲ್ಕು ದಿನ ಮಲ್ಲಾಬಾಯಿ ಯಾರ ಮೇಲೂ ರೇಗದಿದ್ದುದನ್ನು ಕಂಡು ಆಸ್ಪತ್ರೆಯವರಿಗೇ ಹೆದರಿಕೆಯಾಗಿತ್ತಂತೆ. ಐದನೆಯ ದಿನ ಬೆಳಿಗ್ಗೆ, ಸಾಲು ಜೋರಾಗಿದ್ದಾಗ, ಮಸರತಳ ಫೋನು ಬಡಿದುಕೊಂಡಿತು. ಹೆಣ್ಣು ಕೂಸು. ಹೆದರಿದಂತೆಯೇ ರಕ್ತ ಹೋಗಿತ್ತು. ಆದರೆ ರಕ್ತದ ಬಾಟಲಿಗಳು ಹಾಸಿಗೆಯ ಪಕ್ಕದಲ್ಲೇ ಕಾದಿದ್ದವು, ಡಾಕ್ಟರೂ ಕಾದಿದ್ದರು. ತಾಯಿ ಗಂಜಿ ಕುಡಿದಿದ್ದಾಳೆ, ಮಾತಾಡುತ್ತಿದ್ದಾಳೆ. ಮಸರತ ಕಿಟಕಿಯಿಂದಲೇ ಕೂಗಿ ಹೇಳಿದಳು. ಮಲ್ಲಾಬಾಯಿ "ಹ್ಞಾಂ" ಎಂದಳು. ಸಾಲನ್ನು ಹಾಗೆಯೇ ಬಿಟ್ಟು ಹಿತ್ತಲಿಗೆ ಹೋಗಿ, ಬೇವಿನ ಬುಡದಲ್ಲಿ ಕೂತು, ಮನಸ್ಸು ಹಗುರಾಗುವಷ್ಟು ಅತ್ತಳು. ಹಿಂದಿನಿಂದ ಬಂದ ಅಪರಿಚಿತ ಹೆಂಗಸೊಬ್ಬಳು ಅವಳ ಭುಜ ಮುಟ್ಟಿ, ಚಿಂತಿ ಮಾಡಬ್ಯಾಡವ್ವ, ಈ ಗಿಡ ಭಾಳ ಸತ್ಯುಳ್ಳದ್ದು ಎಂದು ಸಮಾಧಾನ ಮಾಡಿದಳಂತೆ. ಹೌದವ್ವ ಎಂದಳು ಮಲ್ಲಾಬಾಯಿ. ಮತ್ತೇನು ಹೇಳಬೇಕಿತ್ತು?

ಈಗ ಈ ಆಸ್ಪತ್ರೆಯಲ್ಲಿ ಪೇಪರಿಗೆ ದಾರ ಹಾಕುವುದಿಲ್ಲ. ಕಿಟಕಿಯ ಪಕ್ಕದ ಗೋಡೆಯ ಮೇಲೆ ಡಾಕ್ಟರು ದೊಡ್ಡ ಅಕ್ಷರದಲ್ಲಿ ಆ ಮೂರು ಪ್ರಶ್ನೆಗಳನ್ನು ಬರೆಸಿದ್ದಾರೆ. ಮಲ್ಲಾಬಾಯಿ ರಜೆ ಹಾಕಿದ ದಿನವೂ ಯಾರಾದರೂ ಅವನ್ನು ಕೇಳಲೇಬೇಕು. ಕೆಳಗೆ ಯಾರ ಹೆಸರೂ ಇಲ್ಲ. ಹೆಸರು ಹಾಕಿಸಬೇಕಿತ್ತಲ್ಲವೇ ಎಂದರೆ ಆಕೆ ಕೈ ಝಾಡಿಸುತ್ತಾಳೆ. "ಕೇಳಿದ್ರ ಸಾಕ್ರಿ. ಯಾರು ಹೇಳಿದ್ರು ಅನ್ನೋದು ಯಾರಿಗಿ ಬೇಕಾಗ್ಯಾದ?"

ಹೊತ್ತು ಎಂಟಾಗುತ್ತ ಬಂದಿದೆ. ಸಾಲು ಗೇಟಿನವರೆಗೆ ಬೆಳೆದಿದೆ. ಕಿಟಕಿಯ ಕಟ್ಟೆಯ ಮೇಲೆ ಮಲ್ಲಾಬಾಯಿಯ ಚೀಲ, ಅದರಿಂದ ಇಣುಕುವ ಒಂದು ಪುಟ್ಟ ಕೌದಿ. ಹಳೆಯ ಇಳಕಲ್ ಸೀರೆಯ ತುಂಡುಗಳು, ಮೇಲೆ ಸಾಲುಸಾಲು ಕೆಂಪು ಹೊಲಿಗೆ. ಸೌಭಾಗ್ಯ ಕೂಸನ್ನು ಲಸಿಕೆಗೆ ಕರೆತರುವ ಗುರುವಾರಕ್ಕೆ ಮುಗಿಯಬೇಕು. ಒಂದು ಮೂಲೆ ಮಾತ್ರ ಬಾಕಿ ಇದೆ.

"ದಾರದ ಉಂಡಿ ಇನ್ನೂ ಅರ್ಧ ಉಳದಾದ್ರಿ," ಎನ್ನುತ್ತಾಳೆ ಕೌದಿಯನ್ನು ಚೀಲದೊಳಗೆ ತುರುಕುತ್ತ. "ಪೇಪರಿಗಿ ಹಾಕಬೇಕಂತ ಇಟ್ಟಿದ್ದೆ. ಈಗ ಕೂಸಿಗಿ ಹೊಚ್ಚಾಕ ಆತು. ಉಳದಿದ್ದೂ ಹಿಂಗ ಖರ್ಚಾಗ್ಲಿ, ಅಷ್ಟ ನನ್ನ ಆಸೆ."